ಹಲ್ಲು ಕೀಳಬಹುದು, ಅರಿವಳಿಕೆ ಕೊಡಬಾರದು

ಇವತ್ತು ಹಲ್ಲುನೋವಿನ ಇತಿಹಾಸ.

1948ರ ಮಾರ್ಚ್ 8ಕ್ಕೆ ಜಮಖಂಡಿ, ಮುಧೋಳ, ರಬಕವಿ ಇದ್ದ ಸಾಂಗ್ಲಿ, ಈ ಮೂರೂ ಸಂಸ್ಥಾನಗಳು ಮುಂಬೈ ಪ್ರಾಂತ್ಯಕ್ಕೆ ಸೇರಿದವು. ಬೀಳಗಿ ಮೊದಲೇ ವಿಜಾಪುರ ಜಿಲ್ಲೆಯಲ್ಲಿತ್ತು. ಮೂರೇ ವಾರಕ್ಕೆ, ಮಾರ್ಚ್ 29ಕ್ಕೆ, ದಂತವೈದ್ಯರ ಕಾಯ್ದೆ ಬಂತು.

ನೋಂದಣಿ ಇಲ್ಲದವರು ಹಲ್ಲಿನ ಚಿಕಿತ್ಸೆ ಮಾಡುವಂತಿಲ್ಲ ಅಂತ ಕಾಯ್ದೆ. ಪದವಿ ಇದ್ದವರಿಗೆ ‘ಎ’ ಭಾಗ; ಪದವಿ ಇಲ್ಲದಿದ್ದರೂ ಐದು ವರ್ಷ ಅದೇ ಕಸುಬಿನಿಂದ ಬದುಕಿದವರಿಗೆ ‘ಬಿ’ ಭಾಗ. ನೋಂದಾಯಿತ ಡಾಕ್ಟರಿಗೆ, ಸರ್ಕಾರಿ ದವಾಖಾನೆಗೆ ವಿನಾಯಿತಿ. ಆದ್ರೆ ನಾನು ಓದ್ತಾ ನಿಂತಿದ್ದು 49ನೇ ಕಲಮಿನ ಇನ್ನೊಂದು ವಿನಾಯಿತಿಗೆ: ತುರ್ತಿದ್ದು, ನೋಂದಾಯಿತ ದಂತವೈದ್ಯ ಸಿಗದಿದ್ದರೆ ಯಾರು ಬೇಕಾದರೂ ಹಲ್ಲು ಕೀಳಬಹುದು. ಷರತ್ತು ಒಂದೇ, ಅರಿವಳಿಕೆ ಕೊಡಬಾರದು.

ಅಂದ್ರೆ ನೋಡ್ರಿ, ಕೀಳೋದಕ್ಕೆ ಅವಕಾಶ. ಹುಳುಕು ತುಂಬಿ ಹಲ್ಲು ಉಳಿಸೋದಕ್ಕೆ ಇಲ್ಲ.

ನಕಲಿಗಳಿಂದ ಬಾಯಿ ಕಾಯೋಕೆ ನಿಯಮ ಬೇಕೇ ಬೇಕು. ಆದ್ರೆ ದಂತವೈದ್ಯರು ದೂರದ ಊರಲ್ಲಿದ್ದರೆ, ಬನಹಟ್ಟಿಯ ನೇಕಾರ ಮಗ್ಗ ನಿಲ್ಲಿಸಿ ಹೋಗಬೇಕು. ಫೀಸಿನ ಜೊತೆ ಬಸ್ ಚಾರ್ಜು, ಆ ದಿನದ ಕೂಲಿ. ಅವನಿಗೆ ಕೀಳಿಸೋದೇ ಅಗ್ಗ.

ಯಾರು ಮುಟ್ಟಬಾರದು ಅಂತ ಕಾಯ್ದೆ ಬರೆಯಿತು. ಬೀಳಗಿಗೆ ಯಾರು ಬರಬೇಕು ಅಂತ ಬರೆಯಲಿಲ್ಲ.