ಬಂಡೆಯ ಗಾಮಾ, ಗಣಿಯ ಮಿಣುಕು: ಸಾವಯವ ಸಿಂಟಿಲೇಟರ್‌ಗಳ ಕಥೆ

ಮಧುಗಿರಿ ಸೀಮೆಯ ಕಲ್ಲುಕ್ವಾರಿಯಲ್ಲಿ ಹೊಸದಾಗಿ ಸೀಳಿದ ಚಪ್ಪಡಿಯನ್ನು ಹತ್ತಿರದಿಂದ ನೋಡಿದರೆ, ಬೂದು ಮೈಯ ನಡುವೆ ಉಗುರಿನಗಲದ ನಸುಗೆಂಪು ಹರಳುಗಳು ಕಾಣುತ್ತವೆ. ಅವು ಪೊಟ್ಯಾಸಿಯಂ ತುಂಬಿದ ಫೆಲ್ಡ್‌ಸ್ಪಾರ್. ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುವ ಈ ಕಲ್ಲಿಗೆ ರಾಮನಗರದ ಹಳೆಯ ಹೆಸರೇ ಅಂಟಿಕೊಂಡಿದೆ. ಸುಮಾರು 250 ಕೋಟಿ ವರ್ಷ ಹಳೆಯದಾದ ಈ ಪಟ್ಟಿ ಮಾಗಡಿ, ಕೊರಟಗೆರೆ, ಮಧುಗಿರಿ ಸೀಮೆಗಳನ್ನು ಹಾದು ಪಾವಗಡದಿಂದಾಚೆಗೂ ಬಡಗಣಕ್ಕೆ ಸಾಗುತ್ತದೆ. ಶಿರಾ ಇರುವುದು ಅದರ ಪಡುವಲಿಗೆ, ಇನ್ನೂ ಹಳೆಯ ನೈಸ್ ಶಿಲೆಯ ನೆಲದಲ್ಲಿ.

ಜಡವೆಂದು ಕಾಣುವ ಈ ಕಲ್ಲು ಒಂದು ಗಳಿಗೆಯೂ ಸುಮ್ಮನಿರುವುದಿಲ್ಲ. ನಿಸರ್ಗದ ಪೊಟ್ಯಾಸಿಯಂನಲ್ಲಿ ಪ್ರತಿ ಹತ್ತು ಸಾವಿರ ಪರಮಾಣುಗಳಿಗೆ ಒಂದಕ್ಕಿಂತ ತುಸು ಹೆಚ್ಚು ಪೊಟ್ಯಾಸಿಯಂ-40 ಇರುತ್ತದೆ. ಅದರ ಅರ್ಧಾಯುಷ್ಯ 125 ಕೋಟಿ ವರ್ಷ. ಒಂದು ಕಿಲೋ ಕಲ್ಲಿನಲ್ಲಿ 40 ಗ್ರಾಂ ಪೊಟ್ಯಾಸಿಯಂ ಇದೆ ಎಂದುಕೊಂಡರೆ, ಅದರಿಂದ ಸೆಕೆಂಡಿಗೆ ಸುಮಾರು 130 ಗಾಮಾ ಕಿರಣಗಳು ಹೊಮ್ಮುತ್ತವೆ. ಯುರೇನಿಯಂ, ಥೋರಿಯಂಗಳ ಪಾಲು ಬೇರೆ. ಇದರಿಂದ ಬೆಟ್ಟ ಹತ್ತುವವರು ಹೆದರಬೇಕಾದದ್ದು ಏನೂ ಇಲ್ಲ. ಆದರೆ ಅದೇ ಬೆಟ್ಟದ ಮೇಲೆ ನ್ಯೂಟ್ರಾನ್ ಎಣಿಸಲು ಹೊರಟವರಿಗೆ ಮೊದಲ ತಲೆನೋವು ಇದೇ. ಆಕಾಶದಿಂದ ಬರುವ ವಿಶ್ವಕಿರಣಗಳು ಹುಟ್ಟಿಸುವ ನ್ಯೂಟ್ರಾನ್‌ಗಳು ವಿರಳ, ಕಾಲಡಿಯ ಗಾಮಾ ಧಾರಾಳ. ಎರಡೂ ಒಂದೇ ಉಪಕರಣದಲ್ಲಿ ಮಿಣುಕು ಹುಟ್ಟಿಸುತ್ತವೆ. ವಿಕಿರಣ ಬಡಿದಾಗ ಮಿಣುಕುವ ಇಂಗಾಲದ ಸಂಯುಕ್ತಗಳಾದ ಸಾವಯವ ಸಿಂಟಿಲೇಟರ್‌ಗಳ ಇತಿಹಾಸದಲ್ಲಿ ಮಿಣುಕನ್ನು ಕಂಡದ್ದು ಸುಲಭದ ಭಾಗ. ಬೇಡದ ಮಿಣುಕನ್ನು ಬೇರ್ಪಡಿಸುವ ದಾರಿ ಹುಡುಕುವುದರಲ್ಲಿಯೇ ಹೆಚ್ಚಿನ ಬುದ್ಧಿ ಖರ್ಚಾಯಿತು.

ಕಥೆ ಶುರುವಾದದ್ದು ನುಸಿಗುಳಿಗೆಯಿಂದ. ಹಾರ್ಟ್‌ಮುಟ್ ಕಾಲ್‌ಮನ್ ಯೆಹೂದಿ ಮೂಲದ ಕಾರಣಕ್ಕೆ 1933ರಲ್ಲಿ ಬರ್ಲಿನ್ನಿನ ಕೆಲಸ ಕಳೆದುಕೊಂಡು, ಹೇಗೋ ಯುದ್ಧ ದಾಟಿ ಬದುಕುಳಿದ ಭೌತವಿಜ್ಞಾನಿ. 1947ರ ಹೊತ್ತಿಗೆ ಪಾಳುಬಿದ್ದ ಬರ್ಲಿನ್ನಿನಲ್ಲಿ ಅವರು ನ್ಯಾಫ್ತಲೀನ್ ಗಟ್ಟಿಯ ಪಕ್ಕ ಫೋಟೊಮಲ್ಟಿಪ್ಲೈಯರ್ ಕೊಳವೆಯಿಟ್ಟು, ವಿಕಿರಣ ಬಡಿದಾಗ ಹೊಮ್ಮುವ ಬೆಳಕನ್ನು ವಿದ್ಯುತ್ ಸ್ಪಂದನವಾಗಿ ಹಿಡಿದರು. ಅದಕ್ಕೂ ಮುಂಚೆ ಕತ್ತಲ ಕೋಣೆಯಲ್ಲಿ ಕೂತು ಸತುವಿನ ಸಲ್ಫೈಡ್ ಪರದೆಯ ಮಿಣುಕುಗಳನ್ನು ಕಣ್ಣಿನಿಂದ ಎಣಿಸುತ್ತಿದ್ದರು. ಆ ಪರದೆ ತೆಳುವಾಗಿರಲೇಬೇಕಿತ್ತು. ನ್ಯಾಫ್ತಲೀನ್ ತನ್ನ ಬೆಳಕನ್ನು ತಾನೇ ನುಂಗುವುದಿಲ್ಲವಾದ್ದರಿಂದ ಎಷ್ಟು ದಪ್ಪ ಬೇಕಾದರೂ ಬಳಸಬಹುದಾಯಿತು. ಮರುವರ್ಷವೇ ಅಮೆರಿಕದಲ್ಲಿ ಪಿ. ಆರ್. ಬೆಲ್ ಆಂಥ್ರಸೀನ್ ಹರಳನ್ನು ಬಳಕೆಗೆ ತಂದರು. ಇಂದಿಗೂ ಮಾರಾಟದ ಪ್ಲಾಸ್ಟಿಕ್ ಸಿಂಟಿಲೇಟರ್‌ನ ಬೆಳಕನ್ನು ಆಂಥ್ರಸೀನ್‌ನ ಶೇಕಡಾ ಇಷ್ಟು ಎಂದೇ ನಮೂದಿಸುತ್ತಾರೆ. 1950ರಲ್ಲಿ ದ್ರವವೂ ಪ್ಲಾಸ್ಟಿಕ್ಕೂ ಹೆಚ್ಚುಕಡಿಮೆ ಒಟ್ಟಿಗೇ ಬಂದವು.

ಇವುಗಳ ಗುಟ್ಟು ಹೈಡ್ರೋಜನ್. ನ್ಯೂಟ್ರಾನ್‌ಗೆ ವಿದ್ಯುದಾವೇಶವಿಲ್ಲ. ಅದು ಯಾವುದನ್ನಾದರೂ ಗುದ್ದಿದರೆ ಮಾತ್ರ ಗೊತ್ತಾಗುತ್ತದೆ. ಗೋಲಿಯೊಂದು ತನ್ನಷ್ಟೇ ತೂಕದ ಗೋಲಿಗೆ ನೇರ ಬಡಿದರೆ ತಾನು ನಿಂತು ಓಟವನ್ನೆಲ್ಲ ಅದಕ್ಕೆ ಕೊಡುತ್ತದಲ್ಲ, ಹಾಗೆ ನ್ಯೂಟ್ರಾನ್ ಹೈಡ್ರೋಜನ್ನಿನ ಪ್ರೋಟಾನ್‌ಗೆ ತನ್ನ ಶಕ್ತಿ ದಾಟಿಸುತ್ತದೆ. ಗಾಮಾ ಕಿರಣ ತಳ್ಳುವುದು ಎಲೆಕ್ಟ್ರಾನನ್ನು. ಎಲೆಕ್ಟ್ರಾನ್ ಹಗುರಾಗಿ ದೂರ ಹರಿಯುತ್ತದೆ. ಪ್ರೋಟಾನ್ ಗಿಡ್ಡ ಜಾಡಿನಲ್ಲೇ ಅಣುಗಳನ್ನು ಒತ್ತೊತ್ತಾಗಿ ಕೆರಳಿಸುತ್ತದೆ. ಹೀಗೆ ಒತ್ತಾಗಿ ಕೆರಳಿದ ಅಣುಗಳಲ್ಲಿ ಶಕ್ತಿ ಬಹುಪಾಲು ಬೆಳಕಾಗದೆ ಹೋಗುತ್ತದೆ. ಹೊಮ್ಮುವ ಬೆಳಕಿನಲ್ಲಿಯೂ ತಡವಾಗಿ ಬರುವ ಭಾಗ ಹೆಚ್ಚು. ಮೊದಲ ಮಿಣುಕು ಕೆಲವೇ ನ್ಯಾನೊಸೆಕೆಂಡುಗಳಲ್ಲಿ ಮುಗಿದರೂ ಅದರ ಬಾಲ ನೂರಾರು ನ್ಯಾನೊಸೆಕೆಂಡುಗಳವರೆಗೆ ಎಳೆಯುತ್ತದೆ. ನ್ಯೂಟ್ರಾನ್‌ನ ಬಾಲ ದಪ್ಪ, ಗಾಮಾದ ಬಾಲ ಸಣಕಲು. ಈ ಬಾಲವನ್ನೇ ನೋಡಿ ಎರಡನ್ನೂ ಬೇರೆ ಮಾಡುವ ವಿದ್ಯುನ್ಮಂಡಲವನ್ನು ಎಫ್. ಡಿ. ಬ್ರೂಕ್ಸ್ 1959ರಲ್ಲಿ ಪ್ರಕಟಿಸಿದರು. ಸ್ಟಿಲ್‌ಬೀನ್ ಹರಳಿನಲ್ಲಿ, ಆಮೇಲೆ ದ್ರವಗಳಲ್ಲಿ ಈ ಉಪಾಯ ಚೆನ್ನಾಗಿ ನಡೆಯಿತು. ಪ್ಲಾಸ್ಟಿಕ್ ಮಾತ್ರ ದಶಕಗಟ್ಟಲೆ ಹಠ ಹಿಡಿಯಿತು.

ಕರ್ನಾಟಕದಲ್ಲಿ ಈ ಪ್ಲಾಸ್ಟಿಕ್ ದೊಡ್ಡ ಕೆಲಸಕ್ಕೆ ಬಿದ್ದದ್ದು ಗ್ರಾನೈಟ್ ಪಟ್ಟಿಯ ಮೂಡಲಿಗಿರುವ ಕೋಲಾರ ಚಿನ್ನದ ಗಣಿಯಲ್ಲಿ. ನಂಜನಗೂಡಿನಲ್ಲಿ 1925ರಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್, ಹೋಮಿ ಭಾಭಾ ಅವರ ಸೂಚನೆಯಂತೆ 1951ರಲ್ಲಿ ಗೈಗರ್ ಕೌಂಟರ್‌ಗಳೊಂದಿಗೆ ಅಲ್ಲಿ ಇಳಿದರು. ಆಳಕ್ಕೆ ಹೋದಂತೆ ವಿಶ್ವಕಿರಣದ ಮ್ಯೂವಾನ್‌ಗಳು ಎಷ್ಟು ಕಡಿಮೆಯಾಗುತ್ತವೆ ಎಂದು ಅಳೆಯುವುದು ಅವರ ಕೆಲಸ. ಕೋಲಾರದ ಕರಿಕಲ್ಲು ಮಧುಗಿರಿಯ ಗ್ರಾನೈಟಿಗಿಂತ ಭಾರ. ಒಂದು ಘನ ಸೆಂಟಿಮೀಟರಿಗೆ ಮೂರು ಗ್ರಾಂ ತೂಗುವ ಅದು ‘ಕೋಲಾರ ಶಿಲೆ’ ಎಂಬ ಹೆಸರಿನಲ್ಲಿಯೇ ಜಗತ್ತಿನ ವಿಶ್ವಕಿರಣ ಸಾಹಿತ್ಯವನ್ನು ಸೇರಿದೆ. 1960ರ ದಶಕದ ಆರಂಭದಲ್ಲಿ ಸುಮಾರು 2.7 ಕಿ.ಮೀ. ಆಳದಲ್ಲಿ ಎರಡು ತಿಂಗಳು ಎಣಿಸಿದರೂ ಒಂದು ಮ್ಯೂವಾನ್ ಕೂಡ ಸಿಗಲಿಲ್ಲ. ಬರಿಗೈ ಎನ್ನಿಸಬಹುದಾದ ಈ ಸೊನ್ನೆ ಗಣಿಯ ಅತ್ಯಂತ ಫಲವತ್ತಾದ ಅಳತೆಯಾಯಿತು. ಅಷ್ಟು ನಿಶ್ಶಬ್ದವಿದ್ದ ಕಡೆ, ಬಂಡೆಯನ್ನೂ ಸಲೀಸಾಗಿ ತೂರಿಬರುವ ನ್ಯೂಟ್ರಿನೊ ಕಣ ಹುಟ್ಟಿಸಿದ ಮ್ಯೂವಾನ್ ಕಾಣಿಸಿದರೆ ಅದನ್ನು ಬೇರೆ ಯಾವುದೆಂದೂ ತಪ್ಪು ತಿಳಿಯಲಾಗದು.

ಚಾಂಪಿಯನ್ ರೀಫ್ ಗಣಿಯಲ್ಲಿ 2.3 ಕಿ.ಮೀ. ಆಳದಲ್ಲಿ ಬೀಡುಬಿಟ್ಟ ತಂಡದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳ ಜನರಿದ್ದರು. ಎಂ. ಜಿ. ಕೆ. ಮೆನನ್, ಪಿ. ವಿ. ರಮಣಮೂರ್ತಿ, ಶ್ರೀಕಂಠನ್, ಎಸ್. ಮಿಯಾಕೆ, ಎ. ಡಬ್ಲ್ಯು. ವುಲ್ಫೆಂಡೇಲ್ ಅವರಲ್ಲಿ ಪ್ರಮುಖರು. ಒಂದೊಂದು ಚದರ ಮೀಟರಿನ ಪ್ಲಾಸ್ಟಿಕ್ ಫಲಕಗಳನ್ನು ಗೋಡೆಯಂತೆ ನೆಟ್ಟಗೆ ನಿಲ್ಲಿಸಿದರು. ಎದುರಿಗೆ ಅಂಥದೇ ಇನ್ನೊಂದು ಗೋಡೆ. ನಡುವೆ ಸೀಸದ ಹಾಳೆ, ಕಣ ಹಾದ ಜಾಡನ್ನು ತೋರಿಸುವ ನಿಯಾನ್ ಕೊಳವೆಗಳ ಸಾಲು. ಗೋಡೆ ನೆಟ್ಟಗಿದ್ದದ್ದಕ್ಕೆ ಕಾರಣವಿದೆ: ಆ ಆಳಕ್ಕೆ ಅಪ್ಪಿತಪ್ಪಿ ಇಳಿಯುವ ಸಾಮಾನ್ಯ ಮ್ಯೂವಾನ್ ನೆತ್ತಿಯ ಕಡೆಯಿಂದ ಬರುತ್ತದೆ. ಅಡ್ಡಲಾಗಿ ಬಂದರೆ ನ್ಯೂಟ್ರಿನೊ ಸಂತಾನವೆಂದೇ ಲೆಕ್ಕ. ಸುತ್ತಲಿನ ಬಂಡೆಯ ಗಾಮಾವನ್ನು ಇಲ್ಲಿ ಬಾಲ ನೋಡಿ ತಳ್ಳಿಹಾಕಬೇಕಾಗಿರಲಿಲ್ಲ. ಎರಡೂ ಗೋಡೆಗಳು ಒಟ್ಟಿಗೇ ಮಿಣುಕದಿದ್ದರೆ ಉಪಕರಣ ಅದನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ.

ವಿಶ್ವಕಿರಣ ಮೂಲದ ನ್ಯೂಟ್ರಿನೊಗಳ ಇಂಥ ಸಂತಾನ ಕಂಡ ಫಲಿತಾಂಶ ‘ಫಿಸಿಕ್ಸ್ ಲೆಟರ್ಸ್’ ಪತ್ರಿಕೆಯಲ್ಲಿ 1965ರ ಆಗಸ್ಟ್ 15ರಂದು ಅಚ್ಚಾಯಿತು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿ ದ್ರವ ಸಿಂಟಿಲೇಟರ್ ತೊಟ್ಟಿಗಳನ್ನಿಟ್ಟಿದ್ದ ಫ್ರೆಡ್ ರೈನ್ಸ್ ತಂಡದ ಲೇಖನ ಹೊರಬಂದದ್ದು ಆಗಸ್ಟ್ 30ರಂದು. ಆದರೆ ರೈನ್ಸ್ ಅವರಿಗೆ ಮೊದಲ ಘಟನೆ ಸಿಕ್ಕಿದ್ದು ಫೆಬ್ರುವರಿಯಲ್ಲೇ. ಹಾಗಾಗಿ ಯಾರು ಮೊದಲು ಎಂಬ ಜಗ್ಗಾಟಕ್ಕಿಂತ ಎರಡು ಚಿನ್ನದ ಗಣಿಗಳ ಸಮಬಲವನ್ನು ಒಪ್ಪಿಕೊಳ್ಳುವುದೇ ನ್ಯಾಯ.

ಇದೇ ರೈನ್ಸ್, ಕ್ಲೈಡ್ ಕೋವನ್ ಜೊತೆಗೂಡಿ 1956ರಲ್ಲಿ ರಿಯಾಕ್ಟರ್ ಬಳಿ ನ್ಯೂಟ್ರಿನೊವನ್ನು ಮೊದಲು ಪತ್ತೆಹಚ್ಚಿದ್ದಾಗ, ನ್ಯೂಟ್ರಾನ್ ಗುರುತಿಸಲು ಬೇರೊಂದು ಉಪಾಯ ಹೂಡಿದ್ದರು. ಮೊದಲು ಪಾಸಿಟ್ರಾನ್‌ನ ಮಿಣುಕು. ಕೆಲವು ಮೈಕ್ರೊಸೆಕೆಂಡ್ ಬಿಟ್ಟು, ನ್ಯೂಟ್ರಾನನ್ನು ಕ್ಯಾಡ್ಮಿಯಂ ನುಂಗಿ ಗಾಮಾ ಉಗುಳಿದಾಗ ಎರಡನೆಯ ಮಿಣುಕು. ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರದ ಧ್ರುವ ರಿಯಾಕ್ಟರ್ ಪಕ್ಕದ ಇಸ್ಮ್ರಾನ್ ನ್ಯೂಟ್ರಿನೊ ಪ್ರಯೋಗದಲ್ಲಿ ಈಗ ಕ್ಯಾಡ್ಮಿಯಂನ ಜಾಗಕ್ಕೆ ಗ್ಯಾಡೊಲಿನಿಯಂ ಬಂದಿದೆ. ಒಂದು ಮೀಟರ್ ಉದ್ದದ ಪ್ಲಾಸ್ಟಿಕ್ ದಿಂಡುಗಳಿಗೆ ಅದರ ಲೇಪವಿರುವ ಹಾಳೆ ಸುತ್ತುತ್ತಾರೆ. ಊಟಿಯ ಗ್ರೇಪ್ಸ್-3 ವಿಶ್ವಕಿರಣ ಕೇಂದ್ರ ತನಗೆ ಬೇಕಾದ ಪ್ಲಾಸ್ಟಿಕ್ ಫಲಕಗಳನ್ನು ತಾನೇ ಎರಕ ಹೊಯ್ದುಕೊಳ್ಳುವಷ್ಟು ಪಳಗಿದೆ. ಇನ್ನು ಹಠಮಾರಿ ಪ್ಲಾಸ್ಟಿಕ್ಕನ್ನು ದಾರಿಗೆ ತಂದದ್ದು 2012ರಲ್ಲಿ ಅಮೆರಿಕದ ಲಾರೆನ್ಸ್ ಲಿವರ್ಮೋರ್ ಪ್ರಯೋಗಾಲಯದ ನಟಾಲಿಯಾ ಜೈಟ್ಸೆವಾ ತಂಡ. ಮಿಣುಕು ಹೊಮ್ಮಿಸುವ ರಾಸಾಯನಿಕವನ್ನು ಮಾಮೂಲಿಗಿಂತ ಬಹಳ ಹೆಚ್ಚು ಬೆರೆಸಿದಾಗ ಪ್ಲಾಸ್ಟಿಕ್‌ನಲ್ಲೂ ಬಾಲದ ವ್ಯತ್ಯಾಸ ಕಂಡಿತು.

ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಸಾವಯವ ಸಿಂಟಿಲೇಟರ್‌ಗೆ ಈ ಸೀಮೆಯಲ್ಲಿ ಈಗ ಉಳಿದಿರುವ ಕೆಲಸ ಹೆಚ್ಚು ಸರಳ, ಹೆಚ್ಚು ಜರೂರಿನದು. ಪೂರ್ವ ಕರ್ನಾಟಕದ ಹಲವು ಹಳ್ಳಿಗಳ ಅಂತರ್ಜಲದಲ್ಲಿ ಯುರೇನಿಯಂ ಮಿತಿ ಮೀರಿರುವುದನ್ನು ಬೆಂಗಳೂರಿನ ಸಂಶೋಧಕರು 2021ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ದಾಖಲಿಸಿದರು. ಯುರೇನಿಯಂ ಇದ್ದಲ್ಲಿ ಅದರ ಸಂತತಿಯಾದ ರೇಡಾನ್ ಅನಿಲವೂ ನೀರಿಗೆ ಸೇರುತ್ತದೆ. ಅದನ್ನು ಅಳೆಯಲು ನೀರಿನ ಮಾದರಿಯನ್ನು ದ್ರವ ಸಿಂಟಿಲೇಟರ್ ಜೊತೆ ಕುಲುಕಿ ಎಣಿಸುವ ಪದ್ಧತಿಯಿದೆ. ಆಲ್ಫಾ ಕಣದ ಮಿಣುಕನ್ನು ಬೀಟಾದ ಮಿಣುಕಿನಿಂದ ಬೇರ್ಪಡಿಸಲು ಅಲ್ಲಿಯೂ ನೋಡುವುದು ಆ ಬಾಲವನ್ನೇ. ರೇಡಾನ್‌ನ ಅರ್ಧಾಯುಷ್ಯ ನಾಲ್ಕು ದಿನಕ್ಕೂ ಕಡಿಮೆ. ಪಾವಗಡದ ಕೊಳವೆಬಾವಿಯಿಂದ ಹಿಡಿದ ನೀರನ್ನು ಗುಳ್ಳೆಯೇಳದಂತೆ ಬಾಟಲಿಯ ಅಂಚಿನವರೆಗೆ ತುಂಬಿ, ಮುಚ್ಚಳ ಬಿಗಿದು, ತಡಮಾಡದೆ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ಸಿಂಟಿಲೇಟರ್ ಬೆರೆಸಿದ ಮೇಲೆ ರೇಡಾನ್‌ನ ಮರಿ ಧಾತುಗಳು ಸಮತೋಲಕ್ಕೆ ಬರಲು ಸುಮಾರು ಮೂರು ಗಂಟೆ ಕಾದು, ಆಮೇಲೆ ಎಣಿಕೆ ಶುರುಮಾಡುತ್ತಾರೆ.