ಕುಟುಂಬ ಯೋಜನೆ ಸೇವೆ ಚೆನ್ನಾಗಿದೆಯೇ? ನೋಡಬೇಕಾದ್ದು ಆಪರೇಷನ್‌ಗಳ ಸಂಖ್ಯೆಯನ್ನಲ್ಲ

‘ವಂಕಿ ಹಾಕಿಸಿಕೊಂಡರೆ ಅದು ಎದೆಗೆ ಏರುತ್ತದೆ.’ ‘ಗಂಡಸರು ಆಪರೇಷನ್ ಮಾಡಿಸಿಕೊಂಡರೆ ಹೊಲದ ಕೆಲಸಕ್ಕೆ ಶಕ್ತಿ ಇರುವುದಿಲ್ಲ.’ ‘ಇಂಜೆಕ್ಷನ್ ತೆಗೆದುಕೊಂಡರೆ ಮುಂದೆ ಮಕ್ಕಳೇ ಆಗುವುದಿಲ್ಲ.’

ಇಂಥ ಮಾತುಗಳು ಈಗ ವಾಟ್ಸ್‌ಆ್ಯಪ್‌ನಲ್ಲೂ ಓಡಾಡುತ್ತವೆ. ಮೂರೂ ಸುಳ್ಳು. ಆದರೆ ಸುಳ್ಳು ಎಂದು ಹೇಳಿ ಮುಗಿಸಿದರೆ ಸಾಲದು. ಆಸ್ಪತ್ರೆಯಲ್ಲಿ ಸರಿಯಾಗಿ ಹೇಳುವವರು ಇಲ್ಲದಿದ್ದಾಗಲೇ ಇಂಥ ಸುದ್ದಿಗೆ ಬೆಲೆ ಬರುವುದು. ಹಾಗಾದರೆ ಒಂದು ಆಸ್ಪತ್ರೆ ಕುಟುಂಬ ಯೋಜನೆ ಸೇವೆಯನ್ನು ಸರಿಯಾಗಿ ಕೊಡುತ್ತಿದೆಯೇ ಎಂದು ತಿಳಿಯುವುದು ಹೇಗೆ?

ನಮ್ಮ ರಾಜ್ಯದ ಲೆಕ್ಕ

ಈ ವಿಷಯದಲ್ಲಿ ನಾವು ಹೊಸಬರಲ್ಲ. ಜಗತ್ತಿನಲ್ಲೇ ಮೊದಲು ಎನ್ನಲಾಗುವ ಸರ್ಕಾರಿ ಸಂತಾನ ನಿಯಂತ್ರಣ ಕ್ಲಿನಿಕ್‌ಗಳಿಗೆ ಮೈಸೂರು ಸಂಸ್ಥಾನ 1930ರಲ್ಲೇ ಅನುಮತಿ ಕೊಟ್ಟಿತ್ತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 15ರಿಂದ 49 ವರ್ಷದ ವಿವಾಹಿತ ಮಹಿಳೆಯರಲ್ಲಿ 100ಕ್ಕೆ ಸುಮಾರು 57 ಮಂದಿ ಆಪರೇಷನ್ ಮಾಡಿಸಿಕೊಂಡಿದ್ದಾರೆ. ಗಂಡಸರ ಆಪರೇಷನ್ ಹೆಚ್ಚುಕಡಿಮೆ ಸೊನ್ನೆ.

ಸಂಖ್ಯೆ ದೊಡ್ಡದು. ಆದರೆ ಅದೇ ಸಮೀಕ್ಷೆ ಇನ್ನೊಂದು ಪ್ರಶ್ನೆ ಕೇಳಿತ್ತು: ನೀವು ಬಳಸುತ್ತಿರುವ ವಿಧಾನದ ಅಡ್ಡಪರಿಣಾಮಗಳನ್ನು ಯಾರಾದರೂ ನಿಮಗೆ ಹೇಳಿದ್ದರೇ? ದೇಶದಲ್ಲಿ ‘ಹೌದು’ ಎಂದವರು 100ಕ್ಕೆ ಸುಮಾರು 62 ಮಂದಿ. ಉಳಿದವರಿಗೆ ಯಾರೂ ಹೇಳಿರಲಿಲ್ಲ.

ಆಫ್ರಿಕಾದ ಕ್ಲಿನಿಕ್‌ಗಳು ಕಲಿಸಿದ್ದು

ಬಹುಕಾಲ ಎಲ್ಲ ದೇಶಗಳೂ ಎಷ್ಟು ಜನಕ್ಕೆ ಆಪರೇಷನ್ ಆಯಿತು, ಎಷ್ಟು ಮಾತ್ರೆ ಹಂಚಿದೆವು ಎಂದಷ್ಟೇ ಎಣಿಸುತ್ತಿದ್ದವು. 1989ರಲ್ಲಿ ಕೀನ್ಯಾದಲ್ಲಿ ಪಾಪ್ಯುಲೇಷನ್ ಕೌನ್ಸಿಲ್ ಸಂಸ್ಥೆಯ ಸಂಶೋಧಕರು ಬೇರೆ ದಾರಿ ಹಿಡಿದರು. ತರಬೇತಿ ಪಡೆದವರು ಕ್ಲಿನಿಕ್‌ಗೇ ಹೋಗಿ, ಔಷಧಿ ಬೀರುವಿನಲ್ಲಿ ಏನಿದೆ ಎಂದು ನೋಡಿದರು. ಒಪ್ಪಿಗೆ ಪಡೆದು ತಪಾಸಣೆಯ ಹೊತ್ತಿನಲ್ಲಿ ಪಕ್ಕದಲ್ಲಿ ಕುಳಿತರು. ಹೊರಬಂದ ಮಹಿಳೆಯರನ್ನೂ ಸಿಬ್ಬಂದಿಯನ್ನೂ ಮಾತನಾಡಿಸಿದರು. ಮುಂದೆ ಆಫ್ರಿಕಾದ ಹಲವು ದೇಶಗಳಲ್ಲಿ ಇದೇ ರೀತಿಯ ಅಧ್ಯಯನಗಳು ನಡೆದವು. ಸಾಮಾನು ಇರುವುದು ಬೇರೆ, ಅದು ಬಳಕೆಯಾಗುವುದು ಬೇರೆ ಎಂಬುದು ಮತ್ತೆ ಮತ್ತೆ ಕಂಡುಬಂತು.

1990ರಲ್ಲಿ ಜೂಡಿತ್ ಬ್ರೂಸ್ ಎಂಬ ಸಂಶೋಧಕಿ ಒಳ್ಳೆಯ ಸೇವೆಗೆ ಆರು ಅಂಶಗಳನ್ನು ಹೆಸರಿಸಿದರು: ಆಯ್ಕೆಗೆ ಹಲವು ವಿಧಾನಗಳು, ಸರಿಯಾದ ಮಾಹಿತಿ, ಸಿಬ್ಬಂದಿಯ ಕೌಶಲ, ಗೌರವದ ನಡವಳಿಕೆ, ಆಮೇಲಿನ ವಿಚಾರಣೆ, ಮತ್ತು ಜನರ ಅನುಕೂಲಕ್ಕೆ ಹೊಂದುವ ವ್ಯವಸ್ಥೆ.

ಒಂದು ಉದಾಹರಣೆ ನೋಡಿ. ಕೀನ್ಯಾದ ಕ್ಲಿನಿಕ್‌ಗಳಲ್ಲಿ ಎಷ್ಟೋ ಮಹಿಳೆಯರನ್ನು ‘ಮುಟ್ಟಾದಾಗ ಬನ್ನಿ’ ಎಂದು ವಾಪಸ್ ಕಳಿಸುತ್ತಿದ್ದರು. ಗರ್ಭಿಣಿಯಲ್ಲ ಎಂದು ಖಚಿತವಾಗಲಿ ಎಂಬುದು ಉದ್ದೇಶ. ಆದರೆ ಬಸ್ ಚಾರ್ಜು, ಒಂದು ದಿನದ ಕೂಲಿ ಎರಡನ್ನೂ ಕಳೆದುಕೊಂಡವರು ಮತ್ತೆ ಬರುವುದು ಕಷ್ಟ. ಕೆಲವೇ ಸರಳ ಪ್ರಶ್ನೆಗಳನ್ನು ಕೇಳಿ ಗರ್ಭಿಣಿಯಲ್ಲ ಎಂದು ನಂಬಿಕೆಯಿಂದ ಹೇಳಬಹುದು ಎಂದು 1999ರಲ್ಲಿ ಅಲ್ಲಿನ ಅಧ್ಯಯನವೊಂದು ತೋರಿಸಿತು. ಖರ್ಚಿಲ್ಲದ ಪರಿಹಾರ ಅದು.

ಸಂಖ್ಯೆಯ ಹಿಂದೆ ಬಿದ್ದರೆ ಏನಾಗುತ್ತದೆ?

2014ರ ನವೆಂಬರ್‌ನಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರದ ಶಿಬಿರವೊಂದರಲ್ಲಿ ಕೆಲವೇ ಗಂಟೆಗಳಲ್ಲಿ 83 ಮಹಿಳೆಯರಿಗೆ ಆಪರೇಷನ್ ಮಾಡಲಾಯಿತು. ಒಂದು ತಂಡ ದಿನಕ್ಕೆ 30ಕ್ಕಿಂತ ಹೆಚ್ಚು ಆಪರೇಷನ್ ಮಾಡಬಾರದು ಎಂದು ಸರ್ಕಾರದ ನಿಯಮವೇ ಹೇಳುತ್ತದೆ. ಆ ಶಿಬಿರದ 13 ಮಹಿಳೆಯರು ತೀರಿಕೊಂಡರು. 2016ರಲ್ಲಿ ಸುಪ್ರೀಂ ಕೋರ್ಟ್, ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸುವಂತೆ ಹೇಳಿತು.

ಆ ಮೂರು ಮಾತುಗಳಿಗೆ ಉತ್ತರ

*ವಂಕಿ ಎದೆಗೆ ಏರುತ್ತದೆಯೇ?* ಇಲ್ಲ. ವಂಕಿ, ಅಂದರೆ ಕಾಪರ್-ಟಿ, ಗರ್ಭಕೋಶದೊಳಗೆ ಇರುತ್ತದೆ. ಕೆಲವರಲ್ಲಿ ಜಾರಿ ಹೊರಬರಬಹುದು. ತೀರಾ ಅಪರೂಪಕ್ಕೆ ಗರ್ಭಕೋಶದ ಗೋಡೆಯನ್ನು ತೂರಬಹುದು. ಎದೆಗೆ ಹೋಗಲು ದಾರಿಯಿಲ್ಲ. ಆದರೂ ವಿಪರೀತ ಹೊಟ್ಟೆನೋವು ಬಂದರೆ ತಡಮಾಡದೆ ತೋರಿಸಿ.

*ಗಂಡಸರಿಗೆ ನಿಶ್ಶಕ್ತಿಯೇ?* ಇಲ್ಲ. ವೀರ್ಯಾಣು ಸಾಗುವ ನಾಳವನ್ನಷ್ಟೇ ಮುಚ್ಚುತ್ತಾರೆ. ಹೆಂಗಸರ ಆಪರೇಷನ್‌ಗಿಂತ ಇದು ಸುಲಭ. ಆದರೆ ಮೂರು ತಿಂಗಳು ಬೇರೆ ವಿಧಾನ ಬಳಸಿ, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಬೇಕು.

*ಇಂಜೆಕ್ಷನ್‌ನಿಂದ ಬಂಜೆತನವೇ?* ಇಲ್ಲ. ಸರ್ಕಾರಿ ಆಸ್ಪತ್ರೆಗಳಿಗೆ 2017ರಲ್ಲಿ ಬಂದ ‘ಅಂತರಾ’ ಇಂಜೆಕ್ಷನ್ ಅನ್ನು ಮೂರು ತಿಂಗಳಿಗೊಮ್ಮೆ ಕೊಡುತ್ತಾರೆ. ಮುಟ್ಟು ಏರುಪೇರಾಗಬಹುದು, ನಿಂತೂ ಹೋಗಬಹುದು. ಬಿಟ್ಟ ಮೇಲೆ ಗರ್ಭ ನಿಲ್ಲಲು ಕೆಲವು ತಿಂಗಳು ತಡವಾಗಬಹುದು. ಇದನ್ನು ಮೊದಲೇ ಹೇಳಿದರೆ ಗಾಬರಿ ಇಲ್ಲ. ಹೇಳದಿದ್ದರೆ ಮುಟ್ಟು ನಿಂತ ತಿಂಗಳೇ ವದಂತಿ ನಿಜ ಅನ್ನಿಸುತ್ತದೆ.

ಆಸ್ಪತ್ರೆಯಲ್ಲಿ ನೀವು ಕೇಳಬೇಕಾದ್ದು

ಹಾಸನ ತಾಲ್ಲೂಕಿನ ಕಟ್ಟಾಯ ಹೋಬಳಿಯ ಹಳ್ಳಿಯವರೇ ಆಗಿರಲಿ, ಬೆಂಗಳೂರಿನವರೇ ಆಗಿರಲಿ, ಈ ಮೂರು ಪ್ರಶ್ನೆಗಳನ್ನು ಮರೆಯಬೇಡಿ. ಸೇವೆಯ ಗುಣಮಟ್ಟ ಅಳೆಯಲು ಅಂತರರಾಷ್ಟ್ರೀಯ ಸಮೀಕ್ಷೆಗಳು ನೋಡುವುದೂ ಇವನ್ನೇ.

1. ಇದಲ್ಲದೆ ಬೇರೆ ಯಾವ ವಿಧಾನಗಳಿವೆ?
2. ಇದರಿಂದ ಏನೇನು ತೊಂದರೆ ಆಗಬಹುದು?
3. ತೊಂದರೆಯಾದರೆ ಏನು ಮಾಡಬೇಕು, ಎಲ್ಲಿಗೆ ಬರಬೇಕು?

ಇನ್ನೂ ಎರಡು ವಿಷಯ ತಿಳಿದಿರಲಿ. ಆಪರೇಷನ್‌ಗೆ ನಿಮ್ಮ ಒಪ್ಪಿಗೆ ಬೇಕು, ಒಪ್ಪಿಗೆ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಗಂಡನ ಸಹಿ ಕಡ್ಡಾಯವಲ್ಲ. ಆಪರೇಷನ್ ವಿಫಲವಾದರೆ ಅಥವಾ ತೊಂದರೆಯಾದರೆ ಸರ್ಕಾರದ ಪರಿಹಾರ ಯೋಜನೆ ಇದೆ. ಅದಕ್ಕೆ ಆಸ್ಪತ್ರೆ ಕೊಟ್ಟ ಕಾಗದಗಳು ಬೇಕಾಗುತ್ತವೆ, ಜೋಪಾನವಾಗಿ ಇಟ್ಟುಕೊಳ್ಳಿ.

ಆಶಾ ಕಾರ್ಯಕರ್ತೆಯನ್ನೋ ಆಸ್ಪತ್ರೆಯ ಸಿಸ್ಟರ್‌ ಅವರನ್ನೋ ಕೇಳಲು ಸಂಕೋಚ ಬೇಡ. ವದಂತಿಯ ಬದಲು ಈ ಮೂರು ಪ್ರಶ್ನೆಗಳನ್ನು ನಿಮ್ಮ ಗುಂಪುಗಳಿಗೆ ಫಾರ್ವರ್ಡ್ ಮಾಡಿ.