ಫೇ ಕೊಟ್ಟ ಭಾಷೆ

ಸಾರಾ ಜೆ. ಮಾಸ್ ಬರೆದ 'ಎ ಕೋರ್ಟ್ ಆಫ್ ಥಾರ್ನ್ಸ್ ಅಂಡ್ ರೋಸಸ್' ಕಾದಂಬರಿಯ ನಾಯಕಿ ಫೇರಾ. ಹೊಟ್ಟೆಪಾಡಿಗೆ ಬೇಟೆಯಾಡುವ, ಹತ್ತೊಂಬತ್ತರ ಹುಡುಗಿ. ಚಳಿಗಾಲದ ಕಾಡಿನಲ್ಲಿ ಅವಳು ಕೊಂದ ತೋಳ ನಿಜಕ್ಕೂ ತೋಳವಾಗಿರಲಿಲ್ಲ, ವೇಷ ಮರೆಸಿದ 'ಫೇ' ಎಂಬ ಅಮಾನುಷ ಜೀವಿಯಾಗಿತ್ತು. ಜೀವಕ್ಕೆ ಜೀವ ತೆರಬೇಕು, ಇಲ್ಲವೇ ಗಡಿಗೋಡೆಯಾಚೆಗಿನ ಫೇಗಳ ನಾಡಿಗೆ ಬಂದು ಇರಬೇಕು ಎನ್ನುತ್ತಾನೆ ಅಲ್ಲಿಂದ ಬಂದವನು. ಪುಸ್ತಕ ಬಂದದ್ದು 2015ರಲ್ಲಿ. ಅಲ್ಲಿಂದೀಚೆಗೆ ಕಾಲ್ಪನಿಕ ಲೋಕದಲ್ಲಿ ನಡೆಯುವ ಪ್ರೇಮಕತೆಗಳಿಗೆ ರೊಮ್ಯಾನ್ಸ್, ಫ್ಯಾಂಟಸಿ ಎರಡನ್ನೂ ಅಂಟಿಸಿದ 'ರೊಮ್ಯಾಂಟಸಿ' ಎಂಬ ಹೆಸರು ಊರಾಡಿತು. 2024ರಲ್ಲಿ ಆಕ್ಸ್‌ಫರ್ಡ್ ನಿಘಂಟಿನವರ ವರ್ಷದ ಪದದ ಕೊನೆಯ ಸುತ್ತಿಗೂ ಅದು ಬಂದಿತ್ತು. ಇವತ್ತು ಬೆಂಗಳೂರಿನ ಇಂಗ್ಲಿಷ್ ಪುಸ್ತಕದಂಗಡಿಗೆ ಹೋದರೆ ಅಂಚಿಗೆ ಬಣ್ಣ ಬಳಿದ ಈ ದಪ್ಪ ಪುಸ್ತಕಗಳು ಎದುರಿಗೇ ಸಿಗುತ್ತವೆ. ಮಗಳು ಕೊಂಡದ್ದನ್ನು ತಾಯಿ ಕದ್ದು ಓದುವುದೂ ಉಂಟು.

ನಾನೂ ಓದುತ್ತೇನೆ, ಬಿಡದೆ ಓದುತ್ತೇನೆ. ಓದುತ್ತಲೇ ಬೈಯುತ್ತೇನೆ ಕೂಡ. ಈ ಪುಸ್ತಕಗಳ ಬಹುಪಾಲು ಫೇಗಳಿಗೆ ಚೂಪು ಕಿವಿ, ಆರೂವರೆ ಅಡಿ ಎತ್ತರ, ಕೆತ್ತಿದಂಥ ದವಡೆ, ಐನೂರು ವರ್ಷ ವಯಸ್ಸು. ಐನೂರು ವರ್ಷ ಬದುಕಿದವನಿಗೆ ಇಪ್ಪತ್ತರ ಹುಡುಗಿಯೊಡನೆ ಮಾತಿಗೆ ಮಾತು ಬೆಳೆಸುವುದನ್ನು ಬಿಟ್ಟು ಬೇರೆ ಬದುಕೇ ಇರಲಿಲ್ಲವೇ ಎನ್ನಿಸುತ್ತದೆ. ಕಿವಿಯನ್ನು ಮೊಂಡು ಮಾಡಿದರೆ ಅವನೊಬ್ಬ ಶ್ರೀಮಂತ ಉದ್ಯಮಿ, ಅಷ್ಟೆ. ಹಾಗಿದ್ದೂ ಕೆಲವು ಪುಸ್ತಕಗಳಲ್ಲಿ ಫೇ ಎಂದ ಕೂಡಲೇ ಮೈ ಜುಮ್ಮೆನ್ನುತ್ತದೆ. ಆ ವ್ಯತ್ಯಾಸ ಎಲ್ಲಿಂದ ಬರುತ್ತದೆ ಎಂದು ಹುಡುಕುತ್ತ ಹೋದರೆ ಉತ್ತರ ಆ ಒಂದಕ್ಷರದ ಪದದೊಳಗೇ ಇದ್ದಂತಿದೆ.

ಲ್ಯಾಟಿನ್ನಿನಲ್ಲಿ 'ಫಾರಿ' ಎಂದರೆ ನುಡಿಯುವುದು. ಇನ್ನೂ ನುಡಿಯಲಾರದ ಕೂಸು 'ಇನ್‌ಫಾನ್ಸ್', ಇಂಗ್ಲಿಷಿನವರ ಇನ್‌ಫೆಂಟ್. ನುಡಿದಾಗಿಹೋದದ್ದು 'ಫಾಟುಮ್': ದೇವರ ಬಾಯಿಂದ ಬಿದ್ದು, ಇನ್ನು ಹಿಂತೆಗೆಯಲಾಗದ ಮಾತು. 'ಫೇಟ್' ಬಂದದ್ದು ಅಲ್ಲಿಂದ. ಫಾಟುಮ್ ನಪುಂಸಕ ಲಿಂಗ, ಅದರ ಬಹುವಚನ 'ಫಾಟಾ'. ಆದರೆ ಲ್ಯಾಟಿನ್ನಿನಲ್ಲಿ 'ಆ' ಎಂದು ಮುಗಿಯುವ ಎಷ್ಟೋ ಪದಗಳು ಸ್ತ್ರೀಲಿಂಗ ಏಕವಚನ. ಬರಬರುತ್ತ ಆಡುಮಾತಿನ ಜನ ಫಾಟಾ ಎಂದರೆ ಯಾರೋ ಒಬ್ಬ ಹೆಂಗಸು ಎಂದುಕೊಂಡರು. ವ್ಯಾಕರಣದ ಒಂದು ತಪ್ಪೆಣಿಕೆಯಿಂದ ದೇವತೆಯೊಬ್ಬಳು ಹುಟ್ಟಿಬಿಟ್ಟಳು! ರೋಮಿನ ಫೋರಮ್ಮಿನ ಒಂದು ಜಾಗಕ್ಕೆ 'ಮೂವರು ಫಾಟಾಗಳು' ಎಂದೇ ಹೆಸರಾಯಿತು. ಮಗು ಹುಟ್ಟಿದ ಮನೆಗೆ ಬಂದು ಅದರ ಬಾಳನ್ನು ನುಡಿದು ಹೋಗುವ ಅಕ್ಕತಂಗಿಯರು ಇವರು. ಮಲಗಿದ ರಾಜಕುಮಾರಿಯ ಕತೆಯಲ್ಲಿ ನಾಮಕರಣಕ್ಕೆ ಬಂದು ಒಳ್ಳೆಯದನ್ನೂ ಕೆಟ್ಟದ್ದನ್ನೂ ನುಡಿಯುವ ಕಿನ್ನರಿಯರಿದ್ದಾರಲ್ಲ, ಅವರು ಈ ಮನೆತನದವರು. ನಮ್ಮ ಉತ್ತರ ಕರ್ನಾಟಕದ ಬಾಣಂತಿ ಕೋಣೆಗೆ ರಾತ್ರಿ ಬರುವ ಶೆಟಿವಿಯ ಕೆಲಸವೂ ಇದೇ. ಆದರೆ ಶೆಟಿವಿ ಹಣೆಯ ಮೇಲೆ ಬರೆಯುತ್ತಾಳೆ, ಫಾಟಾ ಬಾಯಲ್ಲಿ ಹೇಳುತ್ತಾಳೆ. ನಮ್ಮದು ಹಣೆಬರಹವಾದರೆ ಅವರದು ಹಣೆನುಡಿ.

ಫ್ರಾನ್ಸಿಗೆ ಬರುವಷ್ಟರಲ್ಲಿ ನಡುವಿನ 'ಟ' ಸವೆದು ಫಾಟಾ 'ಫೇ' ಆಯಿತು. ಇಟಲಿಯವರು ಫಾಟಾ ಎಂದೇ ಉಳಿಸಿಕೊಂಡರು. ಸ್ಪೇನಿನವರ ಬಾಯಲ್ಲಿ ಮೊದಲಕ್ಷರ ಹಕಾರವಾಗಿ, ಅದೂ ಬರಹದಲ್ಲಷ್ಟೇ ಉಳಿದು, 'ಆದಾ' ಆಯಿತು. ಫೇಯ ನಾಡು, ಫೇಯ ಮಾಟ ಎರಡಕ್ಕೂ ಹಳೆಯ ಫ್ರೆಂಚರು 'ಫೇರೀ' ಎಂದರು. ಇಂಗ್ಲಿಷಿಗೆ ಅದು ಸುಮಾರು 1300ರ ಹೊತ್ತಿಗೆ ಬಂದಾಗ ಫೇರಿ ಎಂದರೆ ಮುಖ್ಯವಾಗಿ ಒಂದು ನಾಡು, ಒಂದು ಮರುಳು. ರೆಕ್ಕೆಯ ಪುಟ್ಟ ಹುಡುಗಿ ಚಿತ್ರದಲ್ಲಿ ಇರಲೇ ಇಲ್ಲ.

ಆ ಕಾಲದ ಕತೆಗಳನ್ನು ಇವತ್ತಿನ ಓದುಗರು ನೋಡಿದರೆ ಇದು ನಮ್ಮದೇ ಸರಕು ಎನ್ನುತ್ತಾರೆ. 12ನೇ ಶತಮಾನದಲ್ಲಿ ಮಾರಿ ದ ಫ್ರಾನ್ಸ್ ಬರೆದ 'ಲಾನ್ವಾಲ್' ಇದೆ. ಆರ್ಥರ್ ರಾಜನ ಆಸ್ಥಾನದಲ್ಲಿ ಯಾರೂ ಕೇಳುವವರಿಲ್ಲದ ಯೋಧನಿಗೆ ಹೊಳೆದಂಡೆಯಲ್ಲಿ ಬೇರೆ ಲೋಕದ ಹೆಣ್ಣು ಒಲಿಯುತ್ತಾಳೆ. ಅವಳ ಷರತ್ತು ಒಂದೇ: ನಮ್ಮ ಪ್ರೀತಿಯನ್ನು ಬಾಯಿಬಿಟ್ಟು ಹೇಳಕೂಡದು. ಅವನು ಹೇಳಿಬಿಡುತ್ತಾನೆ. ಝಾನ್ ದಾರಾಸ್ 1393ರಲ್ಲಿ ಮುಗಿಸಿದ ಮೆಲುಸೀನಳ ಕತೆಯಲ್ಲಿ ಗಂಡ ಕೊಟ್ಟ ಮಾತು, ಶನಿವಾರ ನಿನ್ನನ್ನು ನೋಡುವುದಿಲ್ಲ ಎಂಬುದು. ಅವನು ಕದ್ದು ನೋಡುತ್ತಾನೆ. ಸ್ನಾನದ ತೊಟ್ಟಿಯಲ್ಲಿ ಅವಳು ಸೊಂಟದಿಂದ ಕೆಳಗೆ ಸರ್ಪ. ಆದರೂ ಅವಳು ಬಿಟ್ಟುಹೋಗುವುದು ಅವನು ನೋಡಿದ ದಿನವಲ್ಲ. ಮುಂದೊಂದು ದಿನ ಸಿಟ್ಟಿನಲ್ಲಿ ನಾಲ್ಕು ಜನರೆದುರು ಅವಳನ್ನು ಸರ್ಪವೆಂದು ಕರೆದಾಗ. ಕಣ್ಣು ಮಾಡಿದ ತಪ್ಪು ದಕ್ಕಿತ್ತು, ನಾಲಗೆಯದು ದಕ್ಕಲಿಲ್ಲ.

ಇವೆಲ್ಲಕ್ಕಿಂತ ನನಗೆ ಪ್ರಿಯವಾದದ್ದು 'ಸರ್ ಓರ್ಫಿಯೊ'. 14ನೇ ಶತಮಾನದ ಆದಿಯ ಈ ಇಂಗ್ಲಿಷ್ ಕಥನಕಾವ್ಯ ಈಗ ಎಡಿನ್‌ಬರೋದಲ್ಲಿರುವ ಒಂದು ಹಸ್ತಪ್ರತಿಯಲ್ಲಿ ಉಳಿದುಬಂದಿದೆ. ಗ್ರೀಕರ ಆರ್ಫಿಯಸ್‌ನ ಕತೆಯೇ, ಆದರೆ ಹೆಂಡತಿಯನ್ನು ಒಯ್ಯುವವನು ಯಮನಲ್ಲ, ಫೇರಿಯ ಅರಸ. ನಡುಹಗಲಲ್ಲಿ ಕಸಿ ಮರದ ಕೆಳಗೆ ಮಲಗಿದವಳನ್ನು ಅವನು ಕಂಡು, ನಾಳೆ ಇದೇ ಹೊತ್ತಿಗೆ ನೀನು ನನ್ನೊಡನೆ ಬರಬೇಕು ಎನ್ನುತ್ತಾನೆ. ಸಾವಿರ ಮಂದಿ ಯೋಧರ ಕಾವಲಿದ್ದರೂ ಅವಳು ಮಾಯವಾಗುತ್ತಾಳೆ. ಓರ್ಫಿಯೊ ರಾಜ್ಯ ಬಿಟ್ಟು ಕಾಡಿನಲ್ಲಿ ಅಲೆದು, ಕೊನೆಗೆ ಜೋಗಿಯಂತೆ ಆ ಅರಸನ ಒಡ್ಡೋಲಗದಲ್ಲಿ ಹಾರ್ಪ್ ನುಡಿಸುತ್ತಾನೆ. ಮೆಚ್ಚಿದ ಅರಸ ಏನು ಬೇಕಾದರೂ ಕೇಳು ಎಂದುಬಿಡುತ್ತಾನೆ. ಓರ್ಫಿಯೊ ಹೆಂಡತಿಯನ್ನು ಕೇಳುತ್ತಾನೆ. ಕೊಳಕು ಗಡ್ಡದ ನಿನಗೂ ಅವಳಿಗೂ ಜೋಡಿಯಾಗದು ಎಂದು ಅರಸ ಜಾರಿಕೊಳ್ಳಲು ನೋಡಿದಾಗ ಓರ್ಫಿಯೊ ಹೇಳುವುದರ ತಾತ್ಪರ್ಯವಿಷ್ಟೆ: ಅದಕ್ಕಿಂತ ಅಸಹ್ಯ, ನಿನ್ನ ಬಾಯಲ್ಲಿ ಸುಳ್ಳು ಕೇಳುವುದು. ಅರಸ ಮರುಮಾತಾಡದೆ ಅವಳನ್ನು ಬಿಟ್ಟುಕೊಡುತ್ತಾನೆ. ಸಾವಿರ ಕತ್ತಿ ತಡೆಯಲಾರದವನನ್ನು ಅವನದೇ ಒಂದು ಮಾತು ಕಟ್ಟಿಹಾಕಿತು. ಈ ಕವಿಗೆ ಲ್ಯಾಟಿನ್ ಧಾತು ತಿಳಿದಿತ್ತೋ ಇಲ್ಲವೋ, 'ನುಡಿದದ್ದು' ಎಂಬ ಪದದ ಮಕ್ಕಳು ನುಡಿಗೆ ಕಟ್ಟುಬಿದ್ದವರು ಎಂಬುದು ಕತೆಗೆ ತಿಳಿದಿತ್ತು.

ಕನ್ನಡದ ಕಿವಿಗೆ ಇದು ಹೊಸದಾಗಿ ಕೇಳುವುದಿಲ್ಲ. ನಮ್ಮಲ್ಲಿ ಭಾಷೆ ಎಂದರೆ ಆಡುವ ನುಡಿಯೂ ಹೌದು, ಕೊಟ್ಟ ಆಣೆಯೂ ಹೌದು. ವಚನ ಎಂಬುದರ ಪಾಡೂ ಅದೇ.

ಮುಂದಿನ ಶತಮಾನಗಳದು ಈ ಪದ ಕುಗ್ಗಿದ ಕತೆ; ಅದನ್ನು ಬೇಗ ಹೇಳಿ ಮುಗಿಸುತ್ತೇನೆ. ಸ್ಪೆನ್ಸರ್ 1590ರಲ್ಲಿ 'ದಿ ಫೇರೀ ಕ್ವೀನ್' ಎಂದು ಹಳೆಯ ಕಾಗುಣಿತ ಉಳಿಸಿ ದೊಡ್ಡ ಕಾವ್ಯ ಬರೆಯುತ್ತಿದ್ದರೆ, ಅದೇ ದಶಕದಲ್ಲಿ ಶೇಕ್ಸ್‌ಪಿಯರ್ 'ಎ ಮಿಡ್‌ಸಮರ್ ನೈಟ್ಸ್ ಡ್ರೀಮ್'ನಲ್ಲಿ ಫೇರಿಗಳಿಗೆ ಸಾಸಿವೆ, ಜೇಡರಬಲೆ ಎಂದೆಲ್ಲ ಹೆಸರಿಟ್ಟು ಹೂವಿನ ಬಟ್ಟಲಿಗಿಳಿಸಿದ. (ಅವರ ರಾಜ ರಾಣಿ ಜಗಳವಾಡುವುದು ಭಾರತದಿಂದ ತಂದ ಒಬ್ಬ ಹುಡುಗನಿಗಾಗಿ. ಆ ಹುಡುಗನಿಗೆ ನಾಟಕದಲ್ಲಿ ಒಂದು ಮಾತೂ ಇಲ್ಲ.) ಆಮೇಲೆ ಚಿತ್ರಕಾರರು ಚಿಟ್ಟೆಯ ರೆಕ್ಕೆ ಹಚ್ಚಿದರು. 1904ರಲ್ಲಿ ಲಂಡನ್ನಿನ ರಂಗಮಂಚಕ್ಕೆ 'ಪೀಟರ್ ಪ್ಯಾನ್' ಬಂದಾಗ ಟಿಂಕರ್ ಬೆಲ್ ಎಂಬ ಫೇರಿ ಓಡಾಡುವ ಒಂದು ಬೆಳಕಿನ ಚುಕ್ಕಿ, ಗಂಟೆಯ ಸದ್ದೇ ಅವಳ ಮಾತು. ನುಡಿಯಿಂದ ಹುಟ್ಟಿದವಳ ನುಡಿಯನ್ನೇ ಕಿತ್ತುಕೊಂಡಿದ್ದರು. ಕನ್ನಡಕ್ಕೆ ಫೇರಿ ಬಂದದ್ದು ಹೀಗೆ ಚಿಕ್ಕವಳಾದ ಮೇಲೆ. ಅದಕ್ಕೇ ನಾವು ಅವಳನ್ನು ಕಿನ್ನರಿ ಎಂದೆವು, ರೆಕ್ಕೆ ಮತ್ತು ಮಂತ್ರದಂಡ ಕೊಟ್ಟೆವು. ಮಾಸ್‌ಳ ಫೇ ದೊರೆಯನ್ನು ಈಗ ಕಿನ್ನರ ಎಂದು ಕರೆದರೆ ಅವನ ಮಾನ ಉಳಿಯುವುದಿಲ್ಲ.

ಕಾದಂಬರಿಕಾರ ಟೋಲ್ಕಿನ್‌ಗೆ ಈ ಕುಗ್ಗಿದ ರೂಪ ಕಂಡರೆ ಆಗುತ್ತಿರಲಿಲ್ಲ. 1939ರಲ್ಲಿ ಸೇಂಟ್ ಆಂಡ್ರೂಸ್‌ನಲ್ಲಿ ಕೊಟ್ಟ ಉಪನ್ಯಾಸದಲ್ಲಿ ಅವರು ಫೇರಿ ಎಂದರೆ ಪುಟ್ಟ ಪ್ರಾಣಿಯಲ್ಲ, ಕಾಲಿಟ್ಟವರಿಗೆ ಅಪಾಯವಿರುವ ನಾಡು ಎಂದು ಪದದ ಹಳೆಯ ಅರ್ಥವನ್ನು ಎತ್ತಿಹಿಡಿದರು. 1976ರಲ್ಲಿ ಜಾನಪದ ವಿದುಷಿ ಕ್ಯಾಥರೀನ್ ಬ್ರಿಗ್ಸ್ ಫೇರಿಗಳ ನಿಘಂಟನ್ನೇ ತಂದರು. ಹಳ್ಳಿಗಳ ಕ್ರೂರ, ಮೋಹಕ ಫೇಗಳು ಅಲ್ಲಿಂದ ಕಾದಂಬರಿಕಾರರ ಮೇಜಿಗೆ ಬಂದವು. ಬಾಲಿಶ ಎನ್ನಿಸತೊಡಗಿದ್ದ 'ಫೇರಿ'ಯನ್ನು ಬಿಟ್ಟು ಹಳೆಯ ಫ್ರೆಂಚಿನ 'ಫೇ'ಯನ್ನೇ ಬಳಸುವ ರೂಢಿ ಬಲವಾಯಿತು. ಇದರ ನಡುವೆ ಇನ್ನೊಂದು 'ಫೇ' ಬಂದು ಸೇರಿಕೊಂಡಿದೆ. ಹಳೆಯ ಇಂಗ್ಲಿಷಿನಲ್ಲಿ ಅದರ ಅರ್ಥ 'ಸಾಯಲು ಗುರುತಾದವನು'. ಲ್ಯಾಟಿನ್ನಿಗೂ ಅದಕ್ಕೂ ನಂಟಿಲ್ಲ, ಕಾಗುಣಿತವೂ ಬೇರೆ (ಅದು fae, ಇದು fey). ಉಚ್ಚಾರ ಒಂದೇ ಆದ್ದರಿಂದ ಎರಡೂ ಬೆರೆತುಹೋದವು. ಮಾಸ್ ತನ್ನ ನಾಯಕಿಯ ಹೆಸರನ್ನು ಬರೆಯುವುದು ಈ ಎರಡನೆಯ ಕಾಗುಣಿತದಲ್ಲಿ. ಫೇರಾ ಮೊದಲ ಪುಸ್ತಕದ ಕೊನೆಯಲ್ಲಿ ಸತ್ತು, ಫೇ ಆಗಿ ಏಳುತ್ತಾಳೆ. ಗೊತ್ತಿದ್ದೇ ಇಟ್ಟಿದ್ದರೆ ಸಲಾಮು.

ಇಷ್ಟು ದೂರ ಬಂದ ಮೇಲೆ ನನ್ನ ತಕರಾರನ್ನು ಸ್ಪಷ್ಟವಾಗಿ ಹೇಳಬಹುದು. ಮಾಸ್‌ಳ ಲೋಕದಲ್ಲಿ, ಫೇಗಳು ಸುಳ್ಳಾಡಲಾರರು ಎಂಬುದು ಫೇಗಳೇ ಮನುಷ್ಯರಲ್ಲಿ ಹಬ್ಬಿಸಿದ ಸುಳ್ಳು. ಜಾಣ ತಿರುವು, ಓದುವಾಗ ನಗು ಬರುತ್ತದೆ. ಆದರೆ ಆ ನಗುವಿಗೆ ಬೆಲೆ ತೆರಬೇಕಾಗುತ್ತದೆ. ಮಾತಿನ ಕಟ್ಟು ಸಡಿಲವಾದ ಕೂಡಲೇ ಫೇಗೆ ಉಳಿಯುವುದು ಮೈಕಟ್ಟು ಮಾತ್ರ. ಆ ಕಟ್ಟಿನ ಜಾಗ ತುಂಬಲು ಮಾಸ್ ತರುವುದು 'ಮೇಟ್' ಬಂಧ: ಇವನಿಗೆ ಇವಳೇ ಎಂಬ, ಯಾರೂ ಆಡದ, ಯಾರೂ ಕೇಳದ ವಿಧಿ. ಎರಡನೇ ಪುಸ್ತಕದ ನಾಯಕ, ಫೇ ದೊರೆ ರೈಸ್ಯಾಂಡ್‌ಗೆ ಈ ಬಂಧ ಮೊದಲೇ ತಿಳಿದಿರುತ್ತದೆ, ಫೇರಾಗೆ ಹೇಳಿರುವುದಿಲ್ಲ. ಓದುಗರು ಮುಗಿಬಿದ್ದು ಮೆಚ್ಚಿದ್ದು ಇದನ್ನೇ. ನನಗೆ ಇದು ಕಾದಂಬರಿಕಾರ್ತಿ ತನ್ನ ಕೆಲಸವನ್ನು ವಿಧಿಯ ತಲೆಗೆ ಕಟ್ಟಿದಂತೆ ಕಾಣುತ್ತದೆ. ಈ ಇಬ್ಬರು ಯಾಕೆ ಒಬ್ಬರಿಗೊಬ್ಬರು ಬೇಕು ಎಂಬುದನ್ನು ಪುಟಪುಟದಲ್ಲಿ ಕಾಣಿಸಬೇಕಿತ್ತು. ಬಂಧ ಇದೆ ಎಂದುಬಿಟ್ಟರೆ ಆಯಿತೇ? ಹಾಗೆಂದು ಅವಳ ಕೈಚಳಕವನ್ನು ಅಲ್ಲಗಳೆಯಲಾರೆ. ಹೆಣ್ಣು ಊಟ ಬಡಿಸಿದರೆ ಬಂಧವನ್ನು ಒಪ್ಪಿದಂತೆ ಎಂಬ ನಿಯಮವಿಟ್ಟು, ಬೆಟ್ಟದ ಮನೆಯಲ್ಲಿ ಫೇರಾ ಅವನ ಮುಂದೆ ಸೂಪು ತಂದಿಡುವ ದೃಶ್ಯ ಸೊಗಸಾಗಿದೆ. ಫೇಗಳ ಮನೆಯಲ್ಲಿ ಉಂಡ ಮನುಷ್ಯ ಮರಳಿ ಬರಲಾರ ಎಂಬ ಹಳೆಯ ನಂಬಿಕೆಯನ್ನು ಅಲ್ಲಿ ತಿರುಗಿಸಿ ಹಾಕಿದ್ದಾಳೆ.

ಹಾಲಿ ಬ್ಲ್ಯಾಕ್‌ಳ ದಾರಿ ಬೇರೆ. 2018ರ 'ದಿ ಕ್ರುಯಲ್ ಪ್ರಿನ್ಸ್'ನಲ್ಲಿ ಫೇಗಳು ನಿಜಕ್ಕೂ ಸುಳ್ಳಾಡಲಾರರು, ತಿರುಚಿ ನುಡಿಯಬಲ್ಲರು. ಅವರ ನಡುವೆ ಬೆಳೆದ ಮನುಷ್ಯ ಹುಡುಗಿ ಜೂಡ್‌ಗೆ ಮಾಟ ಬಾರದು, ಬಲವಿಲ್ಲ, ಸೌಂದರ್ಯದಲ್ಲೂ ಅವರಿಗೆ ಸಾಟಿಯಲ್ಲ. ಅವಳಿಗಿರುವ ಒಂದೇ ಆಯುಧ, ಸುಳ್ಳು ಹೇಳುವ ನಾಲಗೆ. ರಾಜಕುಮಾರ ಕಾರ್ಡನ್‌ನಿಂದ ಅವಳು ಒಂದು ವರ್ಷ ಒಂದು ದಿನದ ಅಧೀನತೆಯ ಮಾತು ಪಡೆಯುತ್ತಾಳೆ. ಮುಂದಿನ ಪುಸ್ತಕದಲ್ಲಿ ಅವನು ಅವಳನ್ನು ಮದುವೆಯಾಗಿ, ಕೂಡಲೇ ಗಡೀಪಾರು ಮಾಡುತ್ತಾನೆ: ಕಿರೀಟ ಕ್ಷಮಿಸುವವರೆಗೆ ಮರಳಕೂಡದು. ಜೂಡ್ ಮನುಷ್ಯಲೋಕದಲ್ಲಿ ಕುದಿಯುತ್ತ ಕೂತಿರುತ್ತಾಳೆ. ಅವನ ಹೆಂಡತಿಯಾದ ಮೇಲೆ ಆ ಕಿರೀಟ ತನ್ನದೂ ಹೌದು, ತನ್ನನ್ನು ತಾನೇ ಕ್ಷಮಿಸಿಕೊಂಡು ಯಾವತ್ತು ಬೇಕಾದರೂ ಮರಳಬಹುದಿತ್ತು ಎಂಬುದು ಅವಳಿಗೆ ಹೊಳೆದೇ ಇರುವುದಿಲ್ಲ. ಅವನು ಶಿಕ್ಷೆಯೊಳಗೆ ಬಾಗಿಲಿಟ್ಟಿದ್ದ. ಈಚಿನ ಪ್ರೇಮಕತೆಗಳಲ್ಲಿ ನಾನು ಓದಿದ ಅತ್ಯುತ್ತಮ ಪ್ರೇಮಪತ್ರ ಆ ಗಡೀಪಾರಿನ ಆಜ್ಞೆ. ಕಾರ್ನಾಡರ 'ನಾಗಮಂಡಲ'ದ ರಾಣಿಯನ್ನು ಬಲ್ಲವರಿಗೆ ಇದರ ರುಚಿ ಬೇಗ ಹತ್ತುತ್ತದೆ. ಹುತ್ತದ ಮುಂದೆ ನಿಂತು, ಗಂಡನನ್ನೂ ಈ ನಾಗನನ್ನೂ ಬಿಟ್ಟು ಯಾರನ್ನೂ ಮುಟ್ಟಿಲ್ಲ ಎಂದು ಅವಳು ಮಾಡಿದ ಪ್ರಮಾಣದಲ್ಲಿ ಅಕ್ಷರವೂ ಸುಳ್ಳಿರಲಿಲ್ಲ.

ಹೆದರ್ ಫಾಸೆಟ್‌ಳ 'ಎಮಿಲಿ ವೈಲ್ಡ್ಸ್ ಎನ್‌ಸೈಕ್ಲೊಪೀಡಿಯ ಆಫ್ ಫೇರೀಸ್' 2023ರಲ್ಲಿ ಬಂತು. 1909ರ ಕಾಲ. ಎಮಿಲಿ ಕೇಂಬ್ರಿಜ್‌ನ ವಿದ್ವಾಂಸೆ, ಜನರ ಜೊತೆ ಬೆರೆಯಲು ಬಾರದವಳು. ಹಿಮದ ದ್ವೀಪದ ಹಳ್ಳಿಗೆ ಹೋಗಿ ಫೇಗಳ ನಡವಳಿಕೆ ಬರೆದಿಡುತ್ತಾಳೆ. ಇಡೀ ಕಾದಂಬರಿ ಅವಳ ದಿನಚರಿ, ಅಡಿಟಿಪ್ಪಣಿಗಳ ಸಮೇತ. ಮೈಮೇಲೆ ಬೀಳುವ ಶೃಂಗಾರ ಬಯಸುವವರಿಗೆ ಇದು ಚಪ್ಪೆ. ನನಗೆ ಅದರ ಅಡಿಟಿಪ್ಪಣಿಗಳೇ ಶೃಂಗಾರ. ಅವಳ ಸಹೋದ್ಯೋಗಿ ವೆಂಡೆಲ್ ಸೋಮಾರಿ, ಸುಂದರ, ನಾಡಿನಿಂದ ಹೊರಹಾಕಲ್ಪಟ್ಟ ಫೇ ರಾಜಕುಮಾರ. ಅವನು ಮದುವೆಯಾಗುವೆಯಾ ಎಂದು ಕೇಳಿದಾಗ ಬೇರೆ ನಾಯಕಿಯರಾದರೆ ಕರಗಿ ನೀರಾಗುತ್ತಿದ್ದರು. ಫೇಗಳನ್ನು ಮದುವೆಯಾದ ಮನುಷ್ಯರಿಗೆ ಏನೇನಾಯಿತು ಎಂಬ ಕತೆಗಳನ್ನೆಲ್ಲ ಸಂಗ್ರಹಿಸಿಟ್ಟಿರುವ ಎಮಿಲಿ ಹೂಂ ಅನ್ನುವುದಿಲ್ಲ, ಊಹೂಂ ಅನ್ನುವುದಿಲ್ಲ. ಉತ್ತರ ಬಾಕಿ ಇಟ್ಟುಕೊಂಡೇ ಎರಡನೇ ಸಂಪುಟಕ್ಕೆ ದಾಟುತ್ತಾಳೆ.